ಅಕ್ಕನ ಹನ್ನೊಂದು ನಿಮಿಷ

ಮದುವೆ ವಿಡಿಯೋ ತೆಗೆಯುವ ನಮಗೆ ಕಣ್ಣಷ್ಟೇ ಬಂಡವಾಳ. ದನಿ ಹೇಗಿದ್ದರೇನು, ಕೊನೆಗೆ ಒಂದು ಹಾಡು ಹಾಕಿ ಮುಚ್ಚಿಬಿಡುತ್ತೇವೆ. ಹತ್ತೊಂಬತ್ತು ವರ್ಷ ಹೀಗೇ ಮೆರೆದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಕ್ಕನ ಗಂಟಲಿನ ಆಪರೇಷನ್ನಿಗೆ ಎರಡು ದಿನವಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಅವಳ ಮಗಳಿಗೆ ಆರು ವರ್ಷ.

"ನನ್ನ ದನಿ ಅವಳಿಗೆ ಉಳೀಬೇಕು ಕಣೋ. ನೀನೇ ರೆಕಾರ್ಡ್ ಮಾಡಿಕೊಡು" ಎಂದಳು.

ಅಡುಗೆಮನೆಯ ಕಿಟಕಿ ಪಕ್ಕ ಕೂರಿಸಿದೆ. ಮೂಗಿನ ಕೆಳಗೆ ನೆರಳು ಬೀಳುತ್ತಿತ್ತು. ಬೆಳಕು ಮುಖಕ್ಕೆ ತಿರುಗಲೆಂದು ಎದುರಿಗೆ ಬಿಳಿ ಬೆಡ್‌ಶೀಟ್ ಕಟ್ಟಿ ಸರಿಮಾಡಿ, ರೆಕಾರ್ಡ್ ಒತ್ತಿದೆ.

"ದನಿ ಬರ್ತಿದೆಯಾ? ಹೆಡ್‌ಫೋನ್ ಹಾಕ್ಕೊಳ್ಳಲ್ವಾ?"

"ನಂಗೇ ಪಾಠ ಹೇಳ್ತೀಯಾ? ನೀನು ಸುಮ್ನಿರಕ್ಕಾ!"

ಅವಳು ನಕ್ಕು ಮಾತು ಶುರುಮಾಡಿದಳು. ಹನ್ನೊಂದು ನಿಮಿಷ ಮಾತಾಡಿದಳು.

ಹಿಂದಿನ ದಿನದ ಮದುವೆಯಲ್ಲಿ ವಾದ್ಯದವರು ಕಿವಿ ಹರಿದುಹೋಗುವಂತೆ ಬಾರಿಸಿದ್ದರು. ಅದಕ್ಕೆಂದು, ಕ್ಯಾಮೆರಾ ತಾನೇ ದನಿ ಹೊಂದಿಸಿಕೊಳ್ಳುವ ಆಟೋ ತೆಗೆದು, ದನಿಯ ಮಟ್ಟವನ್ನು ತಳಕ್ಕಿಳಿಸಿದ್ದೆ. ಮತ್ತೆ ಏರಿಸಲಿಲ್ಲ. ದನಿ ಏರಿಳಿಯುವುದನ್ನು ತೋರಿಸುವ ಪಟ್ಟಿಯನ್ನಂತೂ ಚಿತ್ರಕ್ಕೆ ಅಡ್ಡ ಬರುತ್ತದೆಂದು ಪರದೆಯಿಂದ ಎಂದೋ ತೆಗೆಸಿದ್ದೆ. ಮರುದಿನವಾದರೂ ಒಮ್ಮೆ ಹಾಕಿ ಕೇಳಿದ್ದರೆ ಇನ್ನೊಂದು ಸಲ ತೆಗೆಯಬಹುದಿತ್ತು. ಅದನ್ನೂ ಮಾಡಲಿಲ್ಲ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ದಿನ ವಿಡಿಯೋ ಹಾಕಿ ಕೇಳಿದೆ. ಪರದೆಯಲ್ಲಿ ಅವಳ ತುಟಿ ಅಲುಗುತ್ತಿತ್ತು. ಎಷ್ಟು ಏರಿಸಿದರೂ ಬರೀ ಸುಯ್ ಸುಯ್ ಸದ್ದು. ಕ್ಯಾಮೆರಾದ ಮೈಕಿಗೆ ಅಂಟಿಕೊಂಡು ನಿಂತಿದ್ದ ನನ್ನ ಮಾತೊಂದು ಮಾತ್ರ ಸ್ಪಷ್ಟವಾಗಿತ್ತು: "ನೀನು ಸುಮ್ನಿರಕ್ಕಾ!"

ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾರ್ಡ್‌ಡಿಸ್ಕ್ ಕೆಟ್ಟಿತು ಅಂತ ಸುಳ್ಳು ಹೇಳುವ ಯೋಚನೆಯೂ ಬಂತು. ಆದರೆ ಅವಳ ಮುಂದೆ ಕೂತಾಗ ನಿಜವೇ ಬಾಯಿಗೆ ಬಂತು.

ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: "ಹೋಗ್ಲಿ ಬಿಡು. ಎದುರಿಗೇ ಇದ್ದೆಯಲ್ಲ. ನಾನು ಹೇಳಿದ್ದನ್ನ ನೀನೇ ಅವಳಿಗೆ ಹೇಳು."

ಮಗು ಓಡಿ ಬಂದು ನನ್ನ ತೊಡೆಯೇರಿತು. "ಅಮ್ಮ ಏನಂದ್ಳು ಮಾಮಾ?"

"'ಪುಟ್ಟೀ' ಅಂದ್ಳು."

"ಆಮೇಲೆ?"

ಆ ನೆರಳು ಮೂಗಿನಿಂದ ತುಟಿಯವರೆಗೆ ಎಷ್ಟುದ್ದವಿತ್ತೆಂದು ಕೇಳಿದ್ದರೆ ಹೇಳುತ್ತಿದ್ದೆ. ಮಾತು ಯಾವುದನ್ನೂ ನಾನು ಕೇಳಿಸಿಕೊಂಡೇ ಇರಲಿಲ್ಲ.

"ಆಮೇಲೆ ಮಾಮಾ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಯಿತು. ನೋಟ್‌ಬುಕ್ಕನ್ನು ಮೆಲ್ಲನೆ ತನ್ನ ಕಡೆ ಎಳೆದುಕೊಂಡು, ಹೊಸ ಹಾಳೆ ತಿರುಗಿಸಿ, ತಾನೇ ಬರೆಯತೊಡಗಿದಳು.