ಒಂಬತ್ತು ಮುದ್ರೆಯ ಕಾರ್ಡು

ಪ್ರಮಿಳಾ ಬಚ್ಚಲುಮನೆಯ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಹಲಗೆಯ ಮೇಲೆ ಅತ್ತೆ ಸಾತವ್ವನ ಹೆಣ. ಹೊರಗೆ ಕೊಡ ಹಿಡಿದು ನಿಂತ ಪಕ್ಕದ ಮನೆಯ ಬಾಳವ್ವ.

"ನಾ ಒಬ್ಬಾಕಿನ ಮೈ ತೊಳಿತೇನಿ, ಚಿಗವ್ವಾ. ನೀವು ಹೊರಗ ಕುಂದರ್ರಿ."

"ಹುಚ್ಚೇನ ನಿನಗ? ಮೂವತ್ತು ವರ್ಷ ಬಾಜೂ ಮನ್ಯಾಗ ಇದ್ದೇನಿ. ಕಡೀ ನೀರು ನಾ ಹಾಕಬಾರದೇನು?"

ಪ್ರಮಿಳಾ ಬಾಗಿಲು ಬಿಡಲಿಲ್ಲ. ಅಂಗಳದಲ್ಲಿ ಖಾನಾಪುರದ ಬೀಗರು ಕೂತಿದ್ದರು. ಮಗಳು ಪೂನಮಳನ್ನು ಅವರ ಮನೆಗೇ ಕೊಡುವುದೆಂದು ಗೊತ್ತಾಗಿತ್ತು. ಅತ್ತೆಗೆ ಕ್ಯಾನ್ಸರ್ ಆಗಿತ್ತೆಂದು ತಿಳಿದರೆ, ಮನೆತನದ ರೋಗವೆಂದು ಆ ಲಗ್ನ ಮುರಿದಂತೆಯೇ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅದಕ್ಕೇ ಸಾತವ್ವ ಮಗ, ಸೊಸೆಯ ಹೊರತು ಯಾರಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. "ನನ್ನ ಮೈ ಯಾರಿಗೂ ತೋರಸಬ್ಯಾಡ. ದವಾಖಾನಿ ಕಾರ್ಡು ನನ್ನ ಸಂಗಡನ ಹುಗೀರಿ" ಎಂದು ಸೊಸೆಯಿಂದ ಆಣೆ ಹಾಕಿಸಿಕೊಂಡಿದ್ದಳು. ಮೊನ್ನೆಯವರೆಗೂ ಕುರಿಯ ಹಿಂದೆ ತಿರುಗಿದ ಮುದುಕಿ ನಿನ್ನೆ ಕಟ್ಟೆಯ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದ್ದಳು.

ಬಾಳವ್ವ ಪ್ರಮಿಳಾಳನ್ನು ಸರಿಸಿ ಒಳಗೆ ಬಂದೇಬಿಟ್ಟಳು.

*

ಒಂಬತ್ತು ವರ್ಷದ ಹಿಂದೆ ಬೆಳಗಾವಿಯ ದವಾಖಾನೆಯಲ್ಲಿ ಸಾತವ್ವನ ಎಡ ಮೊಲೆ ಕೊಯ್ದಿದ್ದರು. ಹೊಲಿಗೆ ಬಿಚ್ಚಿದ ದಿನ ಡಾಕ್ಟರ್ ರಾಧಿಕಾ ಒಂದು ಕಾರ್ಡು ಕೊಟ್ಟರು.

"ಐದು ವರ್ಷ ಈ ಹೊಸಾ ಗುಳಿಗಿ ತಗೋಬೇಕ್ರಿ. ಪುಕಟ. ಸಂಶೋಧನಾಕ್ಕಂತ ರೊಕ್ಕ ಬಂದದ. ಆದ್ರ ಹತ್ತು ವರ್ಷ ತಪ್ಪದ ಬಂದು ತೋರಸಬೇಕು."

"ಆರಾಮ ಆದ ಮ್ಯಾಲೂ ಯಾಕ್ರೀ?"

"ಎಷ್ಟು ಮಂದಿ ಉಳದ್ರು ಅಂತ ಎಣಸಾಕ್ರಿ. ಆವಾಗ ಮುಂದ ಬರೂ ಹೆಣ್ಣಮಕ್ಕಳಿಗೆ ಈ ಗುಳಿಗಿ ಧೈರ್ಯಲೇ ಕೊಡಬಹುದು."

ಸಾತವ್ವ ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. "ಅಂದ್ರ ಸಂಜಿಕ ಹಟ್ಟಿಗೆ ಬಂದ ಕುರಿ ಎಣಿಸಿದಂಗ. ಒಂದು ತಪ್ಪಿದ್ರ ಲೆಕ್ಕಾನ ಹಾಳು. ಬರತೇನ್ರಿ."

ಮಾತಿನಂತೆ ವರ್ಷಕ್ಕೊಮ್ಮೆ ಹೋಗಿ ಕಾರ್ಡಿಗೆ ಒಂದು ಮುದ್ರೆ ಒತ್ತಿಸಿಕೊಂಡು ಬಂದಳು. ಊರಿಗೆ ಹೇಳಿದ್ದು ಬೆಳಗಾವಿಯ ಕಪಿಲೇಶ್ವರನ ಗುಡಿಗೆ ಹರಕೆ ಎಂದು. ಬರುವಾಗ ಎಲ್ಲರಿಗೂ ಅಲ್ಲಿಯ ಸಿಹಿ ಕುಂದಾದ ಒಂದೊಂದು ಚೂರು. ಒಂದು ವರ್ಷ ಮಲಪ್ರಭೆ ತುಂಬಿ ಬಸ್ಸು ನಿಂತಾಗ ಖಾನಾಪುರದವರೆಗೆ ನಡೆದು ರೈಲು ಹಿಡಿದಳು. ಆರನೆಯ ವರ್ಷ ಸಂಶೋಧನೆಯ ಹಣ ಮುಗಿಯಿತು, ಬಸ್ ಚಾರ್ಜು ಕೊಡುವುದು ನಿಂತಿತು. ಡಾಕ್ಟರು ಮುದ್ರೆ ಒತ್ತುವುದು ಬಿಡಲಿಲ್ಲ, ಸಾತವ್ವ ಹೋಗುವುದೂ ಬಿಡಲಿಲ್ಲ.

*

ಬಾಳವ್ವ ಕುಪ್ಪಸ ಬಿಚ್ಚಿದಳು. ಒಳಗಿನಿಂದ ಮುಷ್ಟಿಯಷ್ಟು ದೊಡ್ಡ ಉಣ್ಣೆಯ ಗಂಟು ಹಲಗೆಯ ಮೇಲೆ ಬಿತ್ತು. ತಮ್ಮದೇ ಕುರಿಯ ಉಣ್ಣೆ ತುಂಬಿ ಪ್ರಮಿಳಾ ಹೊಲಿದುಕೊಟ್ಟದ್ದು. ಎದೆಯ ಎಡಬದಿಯಲ್ಲಿ ಉದ್ದನೆಯ ಕಲೆ ಮಾತ್ರ ಇತ್ತು.

"ನಿಮ್ಮ ಕಾಲಿಗೆ ಬೀಳ್ತೇನಿ ಚಿಗವ್ವಾ, ಬೀಗರ ಮುಂದ ಬಾಯಿ ಬಿಡಬ್ಯಾಡ್ರಿ."

ಬಾಳವ್ವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. "ಇದು ಎಂದ ಕೊಯ್ದದ್ದು?"

"ಒಂಬತ್ತು ವರ್ಷ ಆತು."

"ಒಂಬತ್ತು! ಈ ಮೈ ಹೊತ್ತು ಕುರಿ ಕಾಯ್ದಳೇನು? ನನ್ನ ಸೊಸಿ ಬಾಣಂತನಾ ಮಾಡಿದಳೇನು?"

ಬಾಳವ್ವ ಪ್ರಮಿಳಾಳ ಒದ್ದೆ ಕೈ ಎಳೆದು ತನ್ನ ಎದೆಯ ಬಲಬದಿಗೆ ಒತ್ತಿಕೊಂಡಳು. ಬೆರಳಿಗೆ ಗಜ್ಜುಗದಷ್ಟು ಗಟ್ಟಿ ಗಂಟು ತಾಕಿತು.

"ಉಗಾದಿಯಿಂದ ಐತಿ. ಹೇಳಿದ್ರೇನು, ಸಾಯೂದು ತಪ್ಪತೈತೇನು ಅಂತ ಸುಮ್ನಿದ್ದೆ."

ಮುಂಜಾನೆಯಿಂದ ಬಾರದ ಅಳು ಪ್ರಮಿಳಾಳಿಗೆ ಈಗ ಒತ್ತರಿಸಿ ಬಂತು. ಸತ್ತ ಅತ್ತೆಯ ಮೇಲೆ ಸಿಟ್ಟೂ ಬಂತು, ತನ್ನ ಮೇಲೂ ಬಂತು. ಎರಡು ಮನೆಗಳ ನಡುವೆ ಒಂದೇ ಗೋಡೆ. ಅತ್ತೆಯೋ ತಾನೋ ಬಾಯಿ ಬಿಟ್ಟಿದ್ದರೆ ಬಾಳವ್ವ ಉಗಾದಿಗೇ ಬೆಳಗಾವಿಗೆ ಹೋಗಿರುತ್ತಿದ್ದಳು.

*

ಹೆಣ ಎತ್ತುವ ಹೊತ್ತಿಗೆ ಗಂಡ ಕಲ್ಮೇಶ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಕಾರ್ಡು ಇಟ್ಟಿಯೇನು?"

"ಉಣ್ಣೀ ಗಂಟು ಇಟ್ಟೇನಿ. ಕಾರ್ಡು ಇಟ್ಟಿಲ್ಲ, ಚಿಗವ್ವನ ಕೈಯಾಗ ಕೊಟ್ಟೇನಿ."

"ಆಣಿ ಹಾಕಿದ್ಯಲ್ಲಾ?"

"ಮುರದೇನಿ."

ಕಲ್ಮೇಶ ಬಾಯಿ ತೆರೆದ. ಅಷ್ಟರಲ್ಲಿ ಹೆಗಲು ಕೊಡಲು ಕರೆದರು, ಹೋದ. ಹಲಗೆ ಬಾರಿಸುವ ಸದ್ದು ಓಣಿಯ ತುದಿ ದಾಟಿತು. ಬೀಗಿತ್ತಿ ಗಂಗಾದೇವಿ ಬಾಳವ್ವನ ಕೈಯನ್ನೇ ನೋಡುತ್ತಿದ್ದಳು.

"ಅದೇನ್ರಿ, ದವಾಖಾನಿ ಕಾರ್ಡೇನು?"

ಪ್ರಮಿಳಾ ಕಣ್ಣೊರೆಸಿಕೊಂಡಳು. "ನಮ್ಮ ಅತ್ತೀದ್ರಿ. ಕ್ಯಾನ್ಸರ್ ಆಗಿತ್ತು. ಒಂಬತ್ತು ವರ್ಷ ಬದುಕಿದಳು. ಸೋಮವಾರ ಚಿಗವ್ವನ್ನ ಕರಕೊಂಡು ಅಲ್ಲಿಗೇ ಹೊಂಟೇನಿ."

ಗಂಗಾದೇವಿ ಸೆರಗು ಸರಿಪಡಿಸಿಕೊಂಡು ಇನ್ನೂ ಅಂಗಳದಲ್ಲೇ ಇದ್ದ ಗಂಡನತ್ತ ನೋಡಿದಳು. ಪೂನಮ ಬಾಗಿಲಲ್ಲೇ ನಿಂತಿದ್ದಳು.

ಓದು ಬಾರದ ಬಾಳವ್ವ ಗೋಡೆಗೆ ಒರಗಿ ಕೂತು ಕಾರ್ಡಿನ ನೇರಳೆ ಮುದ್ರೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಿದ್ದಳು. ಒಂಬತ್ತರ ನಂತರ ಖಾಲಿ ಉಳಿದ ಜಾಗಕ್ಕೆ ಬಂದು ಬೆರಳು ನಿಂತಿತು. ಮತ್ತೆ ಮೊದಲನೆಯದಕ್ಕೆ ಹೋಗಿ, ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದಳು.