ಸದ್ದು ತಡವಾಗಿ ಬರುತ್ತಿದೆ

ಲೇಟ್ ಎಂಬ ಹಳದಿ ಅಕ್ಷರ ಮತ್ತೆ ಪರದೆಯ ಮೇಲೆ ಚಿಮ್ಮಿ ಮಾಯವಾಯಿತು, ಅದರ ಬೆನ್ನಿಗೇ ಇನ್ನೊಂದು, ಲೇಟ್, ಲೇಟ್, ಎಂಥ ಲೇಟು, ಈ ನಲವತ್ತೊಂದು ವರ್ಷದಲ್ಲಿ ಸೀತಾ ಯಾವುದಕ್ಕೆಲ್ಲ ತಡ ಮಾಡಿದ್ದಾಳೋ ಇರಲಿ, ತಾಳಕ್ಕೆ ಎಂದೂ ತಡ ಮಾಡಿದವಳಲ್ಲ, ಕೋಲು ಬಿದ್ದದ್ದು ಸರಿಯಾದ ಜಾಗಕ್ಕೇ, ಅದು ಅವಳ ಕಿವಿಗೆ ಗೊತ್ತು, ಮೊಣಕೈಗೆ ಗೊತ್ತು, ಈ ಟಿವಿಗೆ ಮಾತ್ರ ಗೊತ್ತಿಲ್ಲ — ಬಲಗಡೆಯಿಂದ ಕೆಂಪು ನೀಲಿ ಬಿಲ್ಲೆಗಳು ಸಾಲಾಗಿ ಉರುಳಿ ಬರುತ್ತಿವೆ, ಎಡಗಡೆಯ ಬಿಳಿ ಉಂಗುರದೊಳಗೆ ಬಿಲ್ಲೆ ಕೂತ ಕ್ಷಣಕ್ಕೆ ಹೊಡೆಯಬೇಕು, ಕೆಂಪಾದರೆ ಮುಂದಿರುವ ರಬ್ಬರ್ ಡ್ರಮ್ಮಿನ ನಡುವೆ, ನೀಲಿಯಾದರೆ ಅಂಚಿಗೆ, ಇಷ್ಟೇ ಆಟ, ಮನೆಯಲ್ಲಿ ಶನಿವಾರ ಮಧ್ಯಾಹ್ನಗಳಲ್ಲಿ, ಕುಕ್ಕರ್ ಆರುವ ತನಕ, ಸಾವಿರ ಸಲ ಆಡಿದ ಆಟ, ಮಗಳು ತನ್ಮಯಿಗೆಂದು ಮೈದುನ ಕೊಟ್ಟದ್ದು, ಅವಳಿಗೆ ಮೂರು ವಾರಕ್ಕೆ ಬೇಜಾರಾಗಿ ಸೋಫಾದ ಕೆಳಗೆ ಸೇರಿದ್ದನ್ನು ಕಸ ಗುಡಿಸುವಾಗ ಸೀತಾ ಎಳೆದು ತೆಗೆದದ್ದು, ಒಂದು ಸಲ ನೋಡೋಣ ಎಂದು ಕೋಲು ಹಿಡಿದವಳು ಆವತ್ತು ಕುಕ್ಕರಿನ ಸೀಟಿ ಎಣಿಸುವುದನ್ನೇ ಮರೆತಿದ್ದಳು. ಹಾಡು ಮುಗಿಯಿತು. ಗೆದ್ದಳು, ಕೂದಲೆಳೆಯಲ್ಲಿ. ಹಿಂದಿನ ಎರಡು ಸುತ್ತು ಅಷ್ಟು ಸಲೀಸಾಗಿ ಗೆದ್ದವಳಿಗೆ ಈ ಸೆಮಿಫೈನಲ್ಲಿನಲ್ಲಿ ಏನು ಬಂತು, ಕೈಗೆ ವಯಸ್ಸಾಯಿತೆ, ಇಲ್ಲ, ಇದೇ ಕೈ ನಿನ್ನೆ ಬೆಳಿಗ್ಗೆ ಚಂದ್ರಾ ಲೇಔಟಿನ ಲ್ಯಾಬಿನಲ್ಲಿ ಮೂವತ್ತೆಂಟು ಜನರ ರಕ್ತ ತೆಗೆದಿದೆ, ಎಂಬತ್ತು ದಾಟಿದ ಅಜ್ಜಿಯ ಕಾಣದ ನರವನ್ನು ಬೆರಳ ತುದಿಯಲ್ಲೇ ಹುಡುಕಿ ಒಂದೇ ಚುಚ್ಚಿಗೆ ಸಿಕ್ಕಿಸಿದೆ, ಕೈಯದಲ್ಲ ತಪ್ಪು, ಕೈಯದಲ್ಲ.

ಸೂಪರ್ ಆಂಟಿ, ಫೈನಲ್ ಗುರು, ಎಂದು ಯಾರೋ ಹಿಂದಿನಿಂದ ಕೂಗಿದರು, ವಿಜಯನಗರದ ಮಾರ್ಕೆಟ್ ರಸ್ತೆಯ ಮೊಬೈಲ್ ಅಂಗಡಿಯ ಮೇಲಿನ ಈ ಗೇಮಿಂಗ್ ಕೆಫೆಯಲ್ಲಿ ಹದಿನಾರು ಸ್ಪರ್ಧಿಗಳಲ್ಲಿ ಹದಿನೈದು ಜನ ಕಾಲೇಜು ಹುಡುಗರು, ಅವಳೊಬ್ಬಳು ಆಂಟಿ, ಅಂದುಕೊಳ್ಳಲಿ, ಹೆಸರು ಕೇಳಿದಾಗ ಸೀತಾ ಎಂದೇ ಹೇಳಿದ್ದಳಲ್ಲ. ಅವಳು ಖಾಲಿ ಪರದೆಯ ಮುಂದೆ ಕೂತೇ ಇದ್ದಳು, ಸುಮ್ಮನೆ ಒಂದು ಏಟು ಹಾಕಿದಳು. ಟಪ್ — ಅದು ಕೋಲು ರಬ್ಬರಿಗೆ ಬಡಿದ ಸದ್ದು. ಆಮೇಲೆ, ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮೇಲೆ, ಧೊಂ — ಅದು ಆಟದ ಸದ್ದು, ಎರಡರ ನಡುವೆ ಒಂದು ಸಂದು, ಮನೆಯಲ್ಲಿ ಈ ಎರಡೂ ಒಂದೇ, ಬೆಳಿಗ್ಗೆ ಇಲ್ಲೂ ಒಂದೇ ಇತ್ತು, ಈಗ್ಯಾಕೆ, ತಲೆಯೆತ್ತಿ ನೋಡಿದರೆ ಕಪಾಟಿನ ಮೇಲೆ ನೀಲಿ ದೀಪ ಮಿನುಗುವ ಹೊಸ ಸ್ಪೀಕರು, ಜನ ಜಾಸ್ತಿಯಾದರೆಂದು ಊಟದ ಹೊತ್ತಿನಲ್ಲಿ ಕೆಫೆಯ ಮೋಹನ್ ಕುಮಾರ್ ತಂದಿಟ್ಟದ್ದು, ಬ್ಲೂಟೂತ್, ವೈರಿಲ್ಲ. ಅಲ್ಲಿದ್ದಾನೆ ಕಳ್ಳ. ಬಿಲ್ಲೆ ಸರಿಯಾಗಿಯೇ ಬರುತ್ತಿದೆ, ಹಾಡು ಹಿಂದುಳಿದು ಬರುತ್ತಿದೆ, ಕಣ್ಣಲ್ಲಿ ಆಡುವವರಿಗೆ ಏನೂ ಆಗುವುದಿಲ್ಲ, ಕಿವಿಯಲ್ಲಿ ಆಡುವವಳು ಮುಳುಗುತ್ತಾಳೆ. ಎದ್ದು ಹೇಳಿದಳು, ನೋಡಿ, ಸದ್ದು ತಡವಾಗಿ ಬರ್ತಿದೆ, ಆ ಸ್ಪೀಕರ್ ತೆಗ್ದು ವೈರಿಂದು ಹಾಕಿ. ಮೋಹನ್ ಕುಮಾರ್ ನಕ್ಕ, ಒಳ್ಳೆಯವನೇ, ಬೆಳಿಗ್ಗೆ ಅವಳಿಗೆ ಮಾತ್ರ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದವನು, ಆಂಟಿ, ಎಲ್ರಿಗೂ ಒಂದೇ ಸ್ಪೀಕರ್ ತಾನೆ, ಯಾರೂ ಕಂಪ್ಲೇಂಟ್ ಮಾಡಿಲ್ಲ. ಫೈನಲ್ಲಿನ ಎದುರಾಳಿ ಸುಘೋಷ್, ಇಂಜಿನಿಯರಿಂಗ್ ಎರಡನೇ ವರ್ಷ, ತೆಳ್ಳಗೆ ಉದ್ದಕ್ಕೆ ಇರುವ ಹುಡುಗ, ಫೋನಿನಿಂದ ಕಣ್ಣೆತ್ತದೆ, ಸೌಂಡ್ ಸೆಟ್ ಮಾಡಿದ್ದು ನಾನೇ ಆಂಟಿ, ಪಕ್ಕಾ ಇದೆ. ಅವನ ಪಕ್ಕದವನು, ಬಿಡು ಮಗಾ, ಸೋಲೋ ಮುಂಚೆನೇ ಕಾರಣ ರೆಡಿ. ತನ್ಮಯಿ ಅವಳ ಚೂಡಿದಾರದ ತೋಳು ಹಿಡಿದೆಳೆದಳು, ಹದಿನಾಲ್ಕರ ಹುಡುಗಿಗೆ ಮುಖವೆಲ್ಲ ಕೆಂಪಾಗಿದೆ, ಅಮ್ಮ ಸುಮ್ನಿರು, ಎಲ್ರೂ ನೋಡ್ತಿದಾರೆ, ಪ್ಲೀಸ್ ಅಮ್ಮ, ಆಡ್ಬಿಟ್ಟು ಹೋಗೋಣ.

ಸುಮ್ಮನಿರು. ಸುಮ್ಮನಿದ್ದಳಲ್ಲ ಒಂದು ಸಲ, ಹದಿನೈದು ವರ್ಷದವಳಿದ್ದಾಗ, ರಾಜಾಜಿನಗರದ ರಾಮನವಮಿ ಪೆಂಡಾಲಿನ ಹಿಂದೆ, ಮಜ್ಜಿಗೆಯ ಹಂಡೆಗಳ ಪಕ್ಕದಲ್ಲಿ, ಆರು ವರ್ಷ ಮೃದಂಗ ಕಲಿತು ಮೊದಲ ಸಲ ವೇದಿಕೆ ಹತ್ತಬೇಕಾದ ಸಂಜೆ, ಎಡಗಡೆಯ ಚರ್ಮಕ್ಕೆ ತಾನೇ ರವೆ ಕಲಸಿ ಮೆತ್ತಿ, ಶ್ರುತಿ ಸೇರಿಸಿ, ಅಮ್ಮನ ಮೈಸೂರು ರೇಷ್ಮೆಯಲ್ಲಿ ಬೆವರುತ್ತ ಕೂತಿದ್ದಳು, ಆಗ ಹಾಡಲು ಬಂದ ದೊಡ್ಡ ಮನುಷ್ಯರು ಅವಳನ್ನು ನೋಡಿಯೂ ನೋಡದೆ, ಹೆಣ್ಣುಮಗು ಪಕ್ಕವಾದ್ಯಕ್ಕಾ, ನನಗೆ ಅಭ್ಯಾಸ ಇಲ್ಲ ಅಂದರು, ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ, ಊಟಕ್ಕೆ ಈರುಳ್ಳಿ ಬೇಡ ಅನ್ನುವ ಹಾಗೆ ಅಂದರು. ಮೃದಂಗ ಕಲಿಸಿದ ನಾಗಭೂಷಣ್ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು ತಲೆ ಮೇಲೆ ಕೈಯಿಟ್ಟರು, ಇವತ್ತೊಂದಿನ ತಂಬೂರಿ ಹಿಡ್ಕೊಂಬಿಡಮ್ಮ, ಮುಂದಿನ್ಸಲ ನೋಡೋಣ. ಹಿಡಿದಳು. ಎರಡೂವರೆ ಗಂಟೆ ತಂಬೂರಿಯ ತಂತಿ ಮೀಟುತ್ತ, ತಾನು ಮೆತ್ತಿದ ರವೆಯ ಮೇಲೆ ಬೇರೆ ಹುಡುಗನ ಅಂಗೈ ಬೀಳುವುದನ್ನು ನೋಡುತ್ತ, ಅವನು ಎರಡು ಕಡೆ ತಾಳ ಬಿಟ್ಟ, ಯಾರಿಗೂ ಗೊತ್ತಾಗಲಿಲ್ಲ, ಅವಳಿಗೆ ಗೊತ್ತಾಯಿತು, ಸುಮ್ಮನಿದ್ದಳು. ಮುಂದಿನ ಸಲ ಬರಲಿಲ್ಲ. ಇವತ್ತು ಸುಮ್ಮನಿರುವುದಿಲ್ಲ ತನ್ಮಯಿ, ನೀನು ಬೇಕಾದರೆ ಕೆಳಗಿಳಿದು ಗೋಲ್ಗಪ್ಪಾ ತಿನ್ನು, ನಿಮ್ಮಮ್ಮ ಇಲ್ಲೇ ಇರುತ್ತಾಳೆ.

ವೈರ್ ಎಲ್ಲಿದ್ಯೋ ಹುಡುಕ್ಬೇಕು ಆಂಟಿ, ಆರು ಗಂಟೆಗೆ ಬರ್ತ್‌ಡೇ ಪಾರ್ಟಿ ಬುಕ್ಕಿಂಗ್ ಇದೆ, ಎಂದ ಮೋಹನ್ ಕುಮಾರ್. ಸರಿ, ಹುಡುಕಬೇಡಿ, ಅಂದಳು. ಮೊದಲು ಸುಘೋಷ್ ಆಡಿದ, ಚೆನ್ನಾಗಿಯೇ ಆಡಿದ, ಸುಳ್ಳು ಹೇಳಬಾರದು, ಕಣ್ಣು ಪರದೆಗೆ ನೆಟ್ಟು, ಹಾಡು ಯಾವುದಾದರೇನು ಎಂಬಂತೆ, ತರಕಾರಿ ಹೆಚ್ಚುವ ಹಾಗೆ ಸರಸರನೆ, ಒಂಬತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಮುನ್ನೂರು, ಹುಡುಗರು ಸಿಳ್ಳೆ ಹೊಡೆದರು. ಈಗ ಅವಳ ಸರದಿ, ಕೂತಳು, ದುಪಟ್ಟಾ ಸೊಂಟಕ್ಕೆ ಬಿಗಿದಳು, ಕೋಲು ಕೈಗೆತ್ತಿಕೊಂಡು ತಿರುಗಿ, ಸೌಂಡ್ ಆಫ್ ಮಾಡಿ, ಅಂದಳು. ಏನಾಂಟಿ. ಸೌಂಡ್ ಪೂರ್ತಿ ಆಫ್ ಮಾಡಿ, ನನಗೆ ಹಾಡು ಬೇಡ. ಮೋಹನ್ ಕುಮಾರ್ ಹುಡುಗರ ಮುಖ ನೋಡಿದ, ಭುಜ ಹಾರಿಸಿದ, ಆಫ್ ಮಾಡಿದ. ನಿಶ್ಶಬ್ದ. ಫ್ಯಾನಿನ ಕಟಕಟ, ಕೆಳಗೆ ಬಿಎಂಟಿಸಿ ಬಸ್ಸಿನ ಹಾರನ್ನು, ಅವನ್ನೂ ಬಿಟ್ಟುಬಿಡು, ಒಳಗೆ ಹೋಗು, ತಕಧಿಮಿ ತಕಧಿಮಿ, ತುಟಿ ಮಾತ್ರ ಅಲುಗಾಡಲಿ, ಮೊದಲ ಬಿಲ್ಲೆ ಬಂತು, ಉಂಗುರ, ಟಪ್, ಸರಿ, ಎರಡನೆಯದು ಸರಿ, ಎಡಗಾಲು ತಾನಾಗಿ ನೆಲ ತಟ್ಟತೊಡಗಿತು, ತಕಿಟ ತಕಧಿಮಿ, ಮೇಷ್ಟ್ರು ತೊಡೆ ತಟ್ಟುತ್ತ ಹೇಳುತ್ತಿದ್ದರು, ಓಡಬೇಡ ಸೀತಾ, ತಾಳ ಎಲ್ಲಿಗೂ ಹೋಗಲ್ಲ, ಅದು ನಿನಗೋಸ್ಕರ ನಿಂತಿರುತ್ತೆ — ನಿಂತಿತ್ತು ಮೇಷ್ಟ್ರೆ, ಇಪ್ಪತ್ತಾರು ವರ್ಷ ನಿಂತಿತ್ತು, ಬಾಣಂತನದಲ್ಲಿ, ಸಿರಿಂಜು ಹಿಡಿದ ಕೈಯಲ್ಲಿ, ಚಪಾತಿ ಲಟ್ಟಿಸುವಾಗ ನಿಂತಿತ್ತು, ನೀವು ಮಾತ್ರ ನನ್ನ ಜೊತೆ ನಿಲ್ಲಲಿಲ್ಲ, ಒಂದೇ ಒಂದು ಮಾತು, ಈ ಹುಡುಗಿಯೇ ನುಡಿಸ್ತಾಳೆ ಅನ್ನಬಹುದಿತ್ತು, ಕೆಂಪು ಕೆಂಪು ನೀಲಿ, ಮಣಿಕಟ್ಟು ಉರಿಯುತ್ತಿದೆ, ಉರಿಯಲಿ, ಹಳದಿ ಅಕ್ಷರ ಎಲ್ಲೂ ಇಲ್ಲ, ಕೊನೆಯ ಬಿಲ್ಲೆಗಳ ಸಾಲು, ತಕತಕತಕತಕ, ಮುಗಿಯಿತು. ಒಂಬತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಒಂಬೈನೂರು.

ಸಿಳ್ಳೆಯಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಮಾತಾಡತೊಡಗಿದರು, ಸೌಂಡಿಲ್ದೆ ಆಡಿದ್ದು ಹೆಂಗ್ ಕೌಂಟ್ ಆಗುತ್ತೆ ಗುರು, ಇಬ್ರಿಗೂ ಒಂದೇ ಕಂಡೀಶನ್ ಇರ್ಬೇಕಲ್ವಾ, ಮೋಹನ್ ಕುಮಾರ್ ಕತ್ತು ಕೆರೆದುಕೊಂಡು ಅವಳ ಹತ್ತಿರ ಬಂದು ದನಿ ತಗ್ಗಿಸಿದ, ಆಂಟಿ, ಬೇಜಾರ್ ಮಾಡ್ಕೋಬೇಡಿ, ಹುಡುಗ್ರು ಸುಮ್ನೆ ಗಲಾಟೆ ಮಾಡ್ತಾರೆ, ಇನ್ನೊಂದ್ಸಲ ಸೌಂಡ್ ಇಟ್ಕೊಂಡು ಆಡ್ಬಿಡಿ. ಅದೇ ದನಿ, ಅದೇ ಇವತ್ತೊಂದಿನ, ಮಜ್ಜಿಗೆಯ ವಾಸನೆ ಮೂಗಿಗೆ ಬಡಿದಂತಾಯಿತು. ಆಡಲ್ಲ, ಅಂದಳು. ಗೋಡೆ ಮೇಲೆ ನೀವೇ ಅಂಟಿಸಿರೋ ರೂಲ್ಸ್ ಓದಿ, ಸೌಂಡ್ ಇರ್ಬೇಕು ಅಂತ ಎಲ್ಲಾದ್ರೂ ಇದ್ರೆ ತೋರ್ಸಿ, ಇದ್ರೆ ಈಗ್ಲೇ ಕೋಲು ಕೆಳಗಿಡ್ತೀನಿ, ಇಲ್ದಿದ್ರೆ ಗೆದ್ದಿರೋದು ನಾನು, ಬರ್ಕೊಳಿ. ಯಾರೋ ಗೋಡೆಯ ಹಾಳೆ ಓದತೊಡಗಿದರು. ಸುಘೋಷ್ ಒಬ್ಬನೇ ಎದ್ದು ಬಂದು ಸ್ಪೀಕರ್ ಮತ್ತೆ ಆನ್ ಮಾಡಿ ಡ್ರಮ್ಮಿನ ಮೇಲೆ ಒಂದು ಏಟು ಹಾಕಿದ. ಟಪ್. ಧೊಂ. ತಲೆ ಓರೆ ಮಾಡಿ ಇನ್ನೊಂದು. ಟಪ್. ಧೊಂ. ಅವನ ಕಿವಿ ಕೆಂಪಾಯಿತು. ಹೌದು ಅಣ್ಣ, ಲೇಟಾಗಿ ಬರ್ತಿದೆ, ಎಂದ ಮೋಹನ್ ಕುಮಾರನಿಗೆ, ನಾನು ನೋಡ್ಕೊಂಡೇ ಹೊಡೀತೀನಲ್ಲ, ಗೊತ್ತೇ ಆಗ್ಲಿಲ್ಲ, ಬರೀರಿ, ಅವ್ರೇ ಗೆದ್ದಿದ್ದು. ಮೋಹನ್ ಕುಮಾರ್ ಬರೆದುಕೊಂಡ. ಹುಡುಗ ಟಿವಿಯ ಹಿಂದೆ ನುಸುಳಿ, ಧೂಳು ಮೆತ್ತಿದ ತೋಳಿನಲ್ಲಿ ಹೊರಬಂದು ಯಾವುದೋ ವೈರು ಸಿಕ್ಕಿಸುತ್ತ ಕೇಳಿದ, ಈಗ ಒಂದ್ಸಲ ಆಡ್ತೀರಾ, ಟೂರ್ನಮೆಂಟ್‌ಗಲ್ಲ, ಸುಮ್ನೆ, ನಂಗೆ ಗೊತ್ತಾಗ್ಬೇಕು. ಇದಕ್ಕೆ ಇಲ್ಲವೆನ್ನಲು ಆಗಲಿಲ್ಲ. ಸದ್ದು ಸರಿಯಾದ ಹೊತ್ತಿಗೆ ಬಂತು, ಇಬ್ಬರೂ ಆಡಿದರು, ಅವನು ಇನ್ನೂರು ಅಂಕದಲ್ಲಿ ಗೆದ್ದ, ಅವಳಿಗೆ ನಗು ಬಂತು, ಸೋತರೆ ಹೀಗೆ ಸೋಲಬೇಕು, ತನ್ನ ಕೈಯಾರೆ.

ಮೆಟ್ಟಿಲು ಇಳಿಯುತ್ತಿದ್ದಾಳೆ, ಬಗಲಲ್ಲಿ ಗೆದ್ದ ಪ್ಲಾಸ್ಟಿಕ್ ಕಪ್ಪು, ತನ್ಮಯಿ ಎರಡು ಮೆಟ್ಟಿಲು ಮುಂದೆ, ಅಮ್ಮನ ಕಡೆ ತಿರುಗದೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾಳೆ, ಇಲ್ಲ ಕಣೇ, ನಮ್ಮಮ್ಮ ಜಗಳ ಆಡಿದ್ರು, ಹೂಂ ಕಣೇ, ಎಲ್ರ ಎದ್ರಿಗೂ, ಆ ದನಿಯಲ್ಲಿ ನಾಚಿಕೆಯೋ ಇನ್ನೇನೋ, ಬಿಡಿಸಿ ನೋಡುವ ಗೊಡವೆ ಬೇಡ, ಮನೆಯಲ್ಲಿ ಗಂಡ ಶ್ರೀಶ ಕೇಳುತ್ತಾರೆ, ಎಲ್ಲಿಗ್ ಹೋಗಿದ್ರಿ ತಾಯಿ ಮಗಳು, ಹೇಳಲಿ ಅವಳೇ, ನಾಳೆ ಆರೂವರೆಗೆ ಲ್ಯಾಬು, ಖಾಲಿ ಹೊಟ್ಟೆಯ ಸಾಲು ಕಾಯುತ್ತಿರುತ್ತದೆ, ಕೈಗವಸು ಹಾಕುವಾಗ ನೋಯಬಹುದು — ಏನು ನೋಯುವುದು, ಅಂಗೈ ತಿರುಗಿಸಿದಳು, ಬಲಗೈಯ ತೋರುಬೆರಳಿನ ಬುಡದಲ್ಲಿ ಒಂದು ಬೊಬ್ಬೆ, ಯಾವಾಗ ಎದ್ದಿತೋ, ಹಾಲು ತಗೊಳ್ಳಬೇಕು, ಬಟ್ಟೆ ಒಣಗಿಹಾಕಿದ್ದು ಮಹಡಿಯಲ್ಲೇ ಇದೆ, ಮುಂದಿನ ಟೂರ್ನಮೆಂಟು ಕೆಂಗೇರಿಯಲ್ಲಂತೆ ಎಂದನಲ್ಲ ಆ ಹುಡುಗ, ಬೊಬ್ಬೆ, ತುಂಬಿಕೊಂಡು ಬಿಗಿಯಾಗಿದೆ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು, ಒಡೆಯಲಿಲ್ಲ, ನಾಳೆ ಯಾರಾದರೂ ಕೇಳಿದರೆ ಏನು ಹೇಳುವುದು, ಇದ್ದದ್ದೇ ಹೇಳುವುದು, ಬೀದಿಯ ಬಿಸಿಲಿಗೆ ಬಂದಾಗ ಅದರೊಳಗಿನ ನೀರು ಹೊಳೆಯಿತು, ಹೂವಿನವಳು ಮೊಳ ಎಷ್ಟು ಬೇಕಕ್ಕ ಎನ್ನುತ್ತಿದ್ದಾಳೆ, ಸೀತಾ ನಿಂತೇ ಇದ್ದಾಳೆ, ಅಂಗೈ ಬಿಚ್ಚಿ, ಬೊಬ್ಬೆ, ದುಂಡಗೆ, ಒಡೆಯದೆ, ಬಿಸಿಲು ತುಂಬಿಕೊಂಡು