ನಾರ್ಮಲ್ ರಕ್ತ

ಜಯನಗರದ ನಮ್ಮ ಲ್ಯಾಬಿನಲ್ಲಿ ನನಗೆ ‘ರೂಲ್ಸ್ ಅಮ್ಮ’ ಎಂದು ಹೆಸರು. ಅನ್ನಲಿ ಬಿಡಿ. ರಕ್ತದ ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಲುಕೇಮಿಯಾ ಇದೆಯೇ, ಇದ್ದರೆ ಯಾವ ಬಗೆಯದು ಎಂದು ಹೇಳುವ ಯಂತ್ರ ನಮ್ಮದು. ಅಂದಾಜಿನಲ್ಲಿ ನಡೆಸುವಂಥದ್ದಲ್ಲ. ಅಳತೆ ತಪ್ಪದಿರಲು ರೋಗಿಯ ರಕ್ತದ ಜೊತೆಗೆ ಆರೋಗ್ಯವಂತರ ರಕ್ತವನ್ನೂ ಓಡಿಸಿ ಹೋಲಿಸಬೇಕು. ಅದನ್ನು ನಾವು ಸಿಬ್ಬಂದಿಯೇ ಸರದಿಯಂತೆ ಕೊಡುತ್ತಿದ್ದೆವು. 2004ರ ಆಯುಧಪೂಜೆಯ ಮುನ್ನಾದಿನ ಸರದಿ ನನ್ನದು.

ರೋಗಿ ಐದು ವರ್ಷದ ರಾಜಶ್ರೀ. ತಿಂಗಳಿಂದ ಬಿಡದ ಜ್ವರ, ಮೈಮೇಲೆ ನೀಲಿ ಕಲೆಗಳು. ಅವಳ ತಾಯಿ ಹುಲಿಗೆವ್ವ ಕೊಪ್ಪಳದ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಳು. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

ಪರದೆಯ ಮೇಲೆ ಮಗುವಿನ ರಕ್ತ ಚೆನ್ನಾಗಿತ್ತು. ನನ್ನದರಲ್ಲಿ, ಇರಬಾರದ ಜಾಗದಲ್ಲಿ, ಕಣಗಳು ಇರುವೆಗಳಂತೆ ಮುತ್ತಿಕೊಂಡಿದ್ದವು.

ಲುಕೇಮಿಯಾದ ಗುರುತು ಅದು. ಹೋದ ವಾರ ಹಲ್ಲುಜ್ಜುವಾಗ ರಕ್ತ ಬಂದಿತ್ತಲ್ಲ! ಬ್ರಷ್ ಹೊಸದು ಎಂದುಕೊಂಡಿದ್ದೆ. ನನ್ನ ಮಗಳಿಗಿನ್ನೂ ಏಳು ವರ್ಷ. ನಾನಿಲ್ಲದಿದ್ದರೆ ಅವಳ ತಲೆ ಬಾಚುವವರು ಯಾರು?

“ಏಕಾಂತಯ್ಯನೋರೇ, ಟ್ಯೂಬ್ ಸ್ಟ್ಯಾಂಡ್ ಮುಟ್ಟಿದ್ರಾ?” ಎಂದು ನಮ್ಮ ಅಟೆಂಡರನ್ನು ಕೂಗಿದೆ.

“ಪೂಜೆ ಮಾಡಿ ಮಿಷನ್‌ಗೆ ಕುಂಕುಮ ಇಡೋವಾಗ ಎತ್ತಿಟ್ಟಿದ್ದೆ ಮೇಡಂ. ವಾಪಸ್ ಇಡೋವಾಗ ಉಲ್ಟಾ ಆಯ್ತೋ ಏನೋ. ಅದ್ರ ಮೇಲೆ ಹೆಸರೇ ಇರ್ಲಿಲ್ವಲ್ಲ!”

ಇರಲಿಲ್ಲ. ಬಣ್ಣ ಬೆರೆಸುವ ಸಣ್ಣ ಟ್ಯೂಬುಗಳಿಗೆ ಹೆಸರು ಬರೆಯದೆ, ಎಡಗಡೆಯದು ನನ್ನದು, ಬಲಗಡೆಯದು ಮಗುವಿನದು ಎಂದು ಬಿಟ್ಟವಳು ಈ ರೂಲ್ಸ್ ಅಮ್ಮನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತಂತೆ.

ಹೆಸರು ಬರೆದಿದ್ದ ಮೂಲ ಟ್ಯೂಬುಗಳಿಂದ ರಕ್ತ ತೆಗೆದು ಮತ್ತೆ ಶುರು ಮಾಡಿದೆ. ಒಂದು ಗಂಟೆಯ ಕೆಲಸ. ಕುಂಕುಮ ಇಟ್ಟುಕೊಂಡು ಕೂತಿದ್ದ ಆ ಯಂತ್ರಕ್ಕೇ ಮನಸ್ಸಿನಲ್ಲಿ ಕೈಮುಗಿದೆ: ನನ್ನದಾಗದಿರಲಿ. ನನ್ನದಲ್ಲದಿದ್ದರೆ ಯಾರದೆಂದು ಗೊತ್ತಿತ್ತು. ಗೊತ್ತಿದ್ದೇ ಬೇಡಿಕೊಂಡೆ.

ನನ್ನ ರಕ್ತ ನಾರ್ಮಲ್ ಬಂತು. ಇರುವೆಗಳೆಲ್ಲ ಮಗುವಿನ ಟ್ಯೂಬಿನಲ್ಲಿದ್ದವು.

ಜೋರಾಗಿ ನಕ್ಕುಬಿಟ್ಟೆ. ತಡೆಯಲು ಆಗಲೇ ಇಲ್ಲ. ನೀರು ಕುಡಿಯಲು ಬಾಗಿಲು ತೆರೆದು ಹೊರಗೆ ಬಂದಾಗಲೂ ಆ ನಗು ಮುಖದ ಮೇಲೇ ಇತ್ತು.

ಹುಲಿಗೆವ್ವ ಮಗಳನ್ನು ಎತ್ತಿಕೊಂಡು ದಡಬಡಿಸಿ ಎದ್ದು ಬಂದಳು.

“ನಗಾಕತ್ತೀರಿ ಅಕ್ಕಾರ! ನನ್ನ ಕೂಸಿಗೆ ಏನೂ ಆಗಿಲ್ಲ, ಹೌದಲ್ರೀ?”